ಅಡಕತ್ತರಿಗೊಂದು ಮನೆ, ಗಣಕಯಂತ್ರಕ್ಕೆ?

ಊರಿಂದ ನೆಂಟರು ಬಂದರೆ ಪುಣೆಯ ಕನ್ನಡಿಗರಾದ ನಾವು ಶನಿವಾರವಾಡ ತೋರಿಸಿ, ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ಯುತ್ತೇವೆ. ಅಡಕತ್ತರಿ, ದೀಪ, ಬಾಗಿಲು ಇತ್ಯಾದಿ ದಿನಬಳಕೆಯ ವಸ್ತುಗಳನ್ನು ದಿನಕರ ಕೇಳಕರರು ದಶಕಗಳ ಕಾಲ ಅಲೆದು ಕೂಡಿಸಿದರು. ಎಳೆವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಅದಕ್ಕಿಟ್ಟರು. ಅವರು ಎತ್ತಿಡದಿದ್ದರೆ ಅವೆಷ್ಟೋ ಗುಜರಿಯ ಪಾಲಾಗುತ್ತಿದ್ದವು.

ನಮ್ಮ ಕಾಲದ ಅಡಕತ್ತರಿ ಗಣಕಯಂತ್ರ. ಅದರ ಇತಿಹಾಸಕ್ಕೂ ಪುಣೆಗೂ ಹತ್ತಿರದ ನಂಟು.

ಮೊದಲು ಪಕ್ಕದ ಮುಂಬಯಿಗೆ ಹೋಗೋಣ. ಅಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮತ್ತು ಸಂಗಡಿಗರು ಕಟ್ಟಿದ ಗಣಕಯಂತ್ರ 1960ರಲ್ಲಿ ಕೆಲಸಕ್ಕಿಳಿಯಿತು. 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂಬ ಹೆಸರಾಯಿತು. ಸಾವಿರಾರು ನಿರ್ವಾತ ಕೊಳವೆಗಳ ಆ ಯಂತ್ರದ ನೆನಪಿನಲ್ಲಿ ಹಿಡಿಯುತ್ತಿದ್ದುದು 2048 ಪದಗಳು ಮಾತ್ರ. ಇಂದು ಮಕ್ಕಳ ಕೈಯ ಮೊಬೈಲು ನೋಡಿದರೆ ನಗು ಬರಬಹುದು. ಆದರೆ ಅದು ನಮ್ಮವರೇ ಕಟ್ಟಿದ್ದು.

ಮುಂದೆ 1980ರ ದಶಕದಲ್ಲಿ ಸೂಪರ್ ಕಂಪ್ಯೂಟರ್ ಮಾರಲು ಅಮೆರಿಕ ಹಿಂದೆಮುಂದೆ ನೋಡಿದಾಗ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾಯಿತು. ವಿಜಯ ಭಟ್ಕರರ ನೇತೃತ್ವದಲ್ಲಿ 1991ರಲ್ಲಿ 'ಪರಮ್ 8000' ಸಿದ್ಧವಾಯಿತು. ಅದರ ಗುಟ್ಟು ಮದುವೆಮನೆಯ ಹೋಳಿಗೆಯದೇ: ಒಬ್ಬಳು ಎಷ್ಟೇ ಚುರುಕಾಗಿದ್ದರೂ ಹತ್ತು ಜನ ಹಂಚಿಕೊಂಡು ತಟ್ಟಿದಷ್ಟು ಬೇಗ ಆಗದು. ಹಾಗೆಯೇ ಒಂದೇ ದೊಡ್ಡ ಸಂಸ್ಕಾರಕದ ಬದಲು ಅನೇಕ ಚಿಕ್ಕವು ಲೆಕ್ಕವನ್ನು ಹಂಚಿಕೊಂಡು ಒಟ್ಟಿಗೆ ಮಾಡಿದವು.

ಹೊರದೇಶಗಳಲ್ಲಿ ಇಂಥವನ್ನು ಹೇಗೆ ಕಾಯುತ್ತಾರೆ? ಬ್ಯಾಬೇಜ್ ಬರೆದಿಟ್ಟ ನಕ್ಷೆಗಳನ್ನು ಹಿಡಿದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1991ರಲ್ಲಿ ಅವರ ಗಣನ ಯಂತ್ರವನ್ನು ಕಟ್ಟಿ ನಡೆಸಿದರು. ಕ್ಯಾಲಿಫೋರ್ನಿಯದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ 1959ರ ಮಾದರಿಯಾದ ಐಬಿಎಂ 1401 ಯಂತ್ರಗಳಿಗೆ ಮತ್ತೆ ಜೀವ ತುಂಬಿದವರಲ್ಲಿ ನಿವೃತ್ತ ಇಂಜಿನಿಯರರೂ ಇದ್ದರು. ಪೆಟ್ಟಿಗೆ ಉಳಿದರೆ ಸಾಲದು. ನಕ್ಷೆ, ಕೈಪಿಡಿ, ಬಲ್ಲವರ ಮಾತು, ಇವೂ ಉಳಿಯಬೇಕು.

ನಮ್ಮದೇ ತಪ್ಪನ್ನೂ ಹೇಳಿಬಿಡೋಣ. ಕೆಲವು ವರ್ಷಗಳ ಹಿಂದೆ ಕಚೇರಿಯ ಹಳೆಯ ಕಂಪ್ಯೂಟರು, ಪ್ರಿಂಟರುಗಳು ಹರಾಜಿಗೆ ಹೋದವು. 'ನಿರುಪಯುಕ್ತ' ಎಂದು ಪಟ್ಟಿ ಬರೆದ ಗುಮಾಸ್ತರು ನಾವೇ. ಜೊತೆಗಿದ್ದ ಕೈಪಿಡಿಗಳೂ ರದ್ದಿಗೆ ಹೋದವು. ಬಿ.ಎಸ್ಸಿ. ಓದಿದ್ದೂ ಒಂದನ್ನಾದರೂ ತೆಗೆದಿಡೋಣವೆಂದು ನಮಗೆ ತೋಚಲಿಲ್ಲ.

ನಮ್ಮ ಸಂಘದ ಕುಟುಂಬಗಳಲ್ಲೂ ಕೋಣೆ ತುಂಬುವ ಮೇನ್‌ಫ್ರೇಮ್ ಮುಂದೆ ಕುಳಿತು ಕಾರ್ಡು ತೂತು ಮಾಡಿದ ಹಿರಿಯರಿರಬಹುದು. ಇದ್ದರೆ ಅವರ ಅಟ್ಟದಲ್ಲಿ ಒಂದು ಕಾರ್ಡು, ಒಂದು ಫೋಟೋ ಸಿಕ್ಕೀತು. ರದ್ದಿಯವನು ಬರುವ ಮೊದಲು ಕೇಳಿ, ಬರೆದಿಟ್ಟುಕೊಳ್ಳೋಣ.