ಮುಖವಾಡದ ಹೆಣ್ಣು: ಹಾಲಿವುಡ್‌ನಿಂದ ಸೋಂಬೇರಿಕಟ್ಟೆಗೆ

'ದಂಡಿನ ಕಡೆ ಇಂಗ್ಲಿಷ್ ಪಿಕ್ಚರ್‌ಗೆ ಹೋಗೋಣ' ಎಂಬುದು ಹಳೆಯ ಬೆಂಗಳೂರಿಗರ ಮಾತು. 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡು 1949ರಲ್ಲಿ ನಗರದೊಂದಿಗೆ ಒಂದೇ ಪಾಲಿಕೆಯಡಿ ಸೇರಿತು. ಆದರೆ ಸಿನಿಮಾದ ಮಟ್ಟಿಗೆ ಊರು ಬಹುಕಾಲ ಎರಡಾಗಿಯೇ ಉಳಿಯಿತು. ಮೆಜೆಸ್ಟಿಕ್ ಎಂದರೆ ಕನ್ನಡ ಚಿತ್ರ. ಪ್ಲಾಜಾ, ರೆಕ್ಸ್, ಹಲಸೂರಿನ ಲಿಡೋ ಎಂದರೆ ಹಾಲಿವುಡ್. ಪ್ಲಾಜಾ, ಲಿಡೋ ಈಗಿಲ್ಲ. ರೆಕ್ಸ್ 2018ರ ಕೊನೆಗೆ ಬಾಗಿಲು ಮುಚ್ಚಿತು.

ಚಿತ್ರಮಂದಿರಗಳು ಹೋದರೂ ಆ ಬಿಂಬಗಳು ಹೋಗಿಲ್ಲ. ಅವು ಕಲೆಯೊಳಗೆ ಮರುಹುಟ್ಟು ಪಡೆದ ಬಗೆಗೆ 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕಲಾವಿದೆ ಎನ್. ಪುಷ್ಪಮಾಲಾ ಒಳ್ಳೆಯ ಉದಾಹರಣೆ. ಬರೋಡಾದಲ್ಲಿ ಶಿಲ್ಪಕಲೆ ಕಲಿತ ಅವರು 1990ರ ದಶಕದ ನಡುವೆ ಉಳಿ ಬದಿಗಿಟ್ಟು ಕ್ಯಾಮೆರಾದ ಮುಂದೆ ನಿಂತರು. ವೇಷ, ಅಭಿನಯ, ಛಾಯಾಚಿತ್ರ, ಕಥನ ಇವೆಲ್ಲ ಬೆರೆತ ಕಲೆ ಅವರದು.

1996-98ರ 'ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್' ಮುಂಬೈಯಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಸರಣಿ. ಮುಖವಾಡ ತೊಟ್ಟ ಸಾಹಸಿ ತನ್ನ ಕಳೆದುಹೋದ ಅವಳಿ ಸೋದರಿಯನ್ನು ಹುಡುಕುವ ಕಥೆ ಇದರದು. ಶೀರ್ಷಿಕೆಯಲ್ಲೇ ಎರಡು ಲೋಕಗಳಿವೆ: 'ಫ್ಯಾಂಟಮ್ ಲೇಡಿ' 1944ರ ಹಾಲಿವುಡ್ ಪತ್ತೇದಾರಿ ಚಿತ್ರದ ಹೆಸರು, 'ಕಿಸ್ಮತ್' 1943ರ ಬಾಂಬೆ ಟಾಕೀಸ್ ಚಿತ್ರದ ಹೆಸರು.

ಈ ಮುಖವಾಡದ ವಂಶಾವಳಿಯೂ ಸ್ವಾರಸ್ಯಕರ. 1914ರಲ್ಲಿ ಅಮೆರಿಕದ ಪರ್ಲ್ ವೈಟ್ ಸಾಹಸದ ಧಾರಾವಾಹಿ ಚಿತ್ರಗಳಿಂದ ಹೆಸರಾದರು. 1920ರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಮುಖವಾಡದ ಜೋರೋ ಆದರು. ಇವುಗಳ ಮೋಹಕ್ಕೊಳಗಾದ ಮುಂಬೈಯ ವಾಡಿಯಾ ಸೋದರರು 1935ರಲ್ಲಿ 'ಹಂಟರ್‌ವಾಲಿ' ತಯಾರಿಸಿ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ನಾದಿಯಾ ಕೈಗೆ ಚಾವಟಿ ಕೊಟ್ಟರು. ಪುಷ್ಪಮಾಲಾ ಅವರ ನಾಯಕಿ ನಾದಿಯಾಳ ಮೊಮ್ಮಗಳೆನ್ನಬಹುದು.

ಹಾಗಾದರೆ ಇದು ಅನುಕರಣೆಯ ಅನುಕರಣೆಯೇ? ಅಲ್ಲ. ಸಿನಿಮಾ ಹೆಣ್ಣನ್ನು ನಾಯಕಿ ಮತ್ತು ಖಳನಾಯಕಿ ಎಂದು ಎರಡಾಗಿ ಸೀಳಿತು. ಇಲ್ಲಿ ಎರಡೂ ಪಾತ್ರ ಕಲಾವಿದೆಯದೇ. ಒಳ್ಳೆಯವಳು-ಕೆಟ್ಟವಳು ಎಂಬ ಗೆರೆ ವೇಷದ್ದೇ ಹೊರತು ಹೆಣ್ಣಿನದಲ್ಲ ಎಂಬುದು ಆಗ ಕಾಣುತ್ತದೆ. ಅಮೆರಿಕದಲ್ಲಿ ಸಿಂಡಿ ಶರ್ಮನ್ 1977ರಿಂದ 1980ರವರೆಗೆ ಸಿನಿಮಾ ಸ್ಥಿರಚಿತ್ರಗಳ ಮಾದರಿಯಲ್ಲಿ ತಮ್ಮನ್ನೇ ಚಿತ್ರಿಸಿಕೊಂಡು ಇಂಥದೇ ಪ್ರಶ್ನೆ ಎತ್ತಿದ್ದರು.

ಮುಂದೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000-04ರಲ್ಲಿ ರಚಿಸಿದ 'ದಕ್ಷಿಣ ಭಾರತದ ದೇಶೀ ಮಹಿಳೆಯರು' ಸರಣಿಯಲ್ಲಿ ಈ ಪ್ರಶ್ನೆ ತೀಕ್ಷ್ಣವಾಯಿತು. ರವಿವರ್ಮನ ಲಕ್ಷ್ಮಿ, ತಮಿಳು ಚಿತ್ರತಾರೆಯ ಜೊತೆಗೆ ವಸಾಹತು ಕಾಲದ ಅಧಿಕಾರಿಗಳು ಚೌಕಳಿ ಹಲಗೆಯ ಮುಂದೆ ನಿಲ್ಲಿಸಿ 'ಅಳೆದ' ಹೆಣ್ಣಾಗಿಯೂ ಅವರೇ ನಿಂತರು. ಮನರಂಜನೆಯ ಚಿತ್ರವಿರಲಿ, ಸರ್ಕಾರಿ ದಾಖಲೆಯಿರಲಿ, ಹೆಣ್ಣು ಹೇಗೆ ನಿಲ್ಲಬೇಕೆಂದು ತೀರ್ಮಾನಿಸಿದವರು ಯಾರು ಎಂಬುದೇ ಪ್ರಶ್ನೆ.

ಅವರು ಹುಟ್ಟುಹಾಕಿದ ಕಾಲ್ಪನಿಕ ಸಂಸ್ಥೆಯ ಹೆಸರು ಮಾತ್ರ ಅಚ್ಚಗನ್ನಡ: ಸೋಂಬೇರಿಕಟ್ಟೆ. ಹಳ್ಳಿಯ ಅರಳಿಮರದಡಿ ಕೆಲಸವಿಲ್ಲದವರು ಕೂತು ಲೋಕದ ಸುದ್ದಿಯನ್ನೆಲ್ಲ ಮಥಿಸುವ ಜಾಗವದು. ಹಾಲಿವುಡ್ ಕೂಡ ಕೊನೆಗೆ ಆ ಕಟ್ಟೆಗೇ ಬಂದು ಕೂರಬೇಕಾಯಿತು.