ಕುಸಿದ ನಡಿಗೆ, ಕುಗ್ಗಿದ ಮನಸ್ಸು: ಪಿಟ್ಸ್‌ಬರ್ಗ್ ಅಧ್ಯಯನದ ಮರುಪರಿಶೀಲನೆ

ಕೋವಿಡ್ ಕಾಲದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನಸ್ಸು ಕುಗ್ಗಿತೆಂಬುದರಲ್ಲಿ ಈಗ ತಕರಾರಿಲ್ಲ. ಚೀನಾದ ಚಾಂಗ್‌ಝಿ ವೈದ್ಯಕೀಯ ಕಾಲೇಜಿನ 7,143 ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 25ರಷ್ಟು ಮಂದಿಗೆ ಒಂದಲ್ಲ ಒಂದು ಮಟ್ಟದ ಆತಂಕವಿತ್ತು. ಟೆಕ್ಸಾಸ್‌ನಲ್ಲಿ ಸಂದರ್ಶಿಸಿದ 195 ಮಂದಿಯ ಪೈಕಿ ಶೇ. 71ರಷ್ಟು ಜನ ಒತ್ತಡ, ಆತಂಕ ಹೆಚ್ಚಿದೆಯೆಂದರು. ಭಿನ್ನಾಭಿಪ್ರಾಯವಿರುವುದು ಕಾರಣದ ಬಗ್ಗೆ.

ಓಸಿಯಾ ಜುಂಟೆಲ್ಲಾ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದುದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ 682 ವಿದ್ಯಾರ್ಥಿಗಳ ನಡಿಗೆ ದಿನಕ್ಕೆ ಸುಮಾರು 10,000 ಹೆಜ್ಜೆಗಳಿಂದ 4,600ಕ್ಕೆ ಇಳಿದಿತ್ತು. ಬೇರೆಯವರೊಡನೆ ಕಳೆಯುವ ಹೊತ್ತು ಅರ್ಧಕ್ಕಿಂತ ಹೆಚ್ಚು ತಗ್ಗಿ 30 ನಿಮಿಷಕ್ಕೂ ಕೆಳಗೆ ಬಂದಿತ್ತು. ಖಿನ್ನತೆಯ ಅಪಾಯದಲ್ಲಿದ್ದವರ ಪ್ರಮಾಣ ಶೇ. 46ರಿಂದ 61ರವರೆಗೆ ಇತ್ತು. ದೈಹಿಕ ಚಟುವಟಿಕೆಯ ಕುಸಿತವೇ ಖಿನ್ನತೆಯ ಅಪಾಯವನ್ನು ಸೂಚಿಸುವ ಪ್ರಮುಖ ಅಂಶವೆಂದು ಲೇಖಕರು ಹೇಳಿದರು.

ಆದರೆ ಅದೇ ಅಧ್ಯಯನದ ಎರಡನೆಯ ಭಾಗಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಕೆಲವು ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಆಯ್ದು, ಹಣದ ಪ್ರೋತ್ಸಾಹ ಕೊಟ್ಟು ಮತ್ತೆ ನಡೆಸಲಾಯಿತು. ಹೆಜ್ಜೆಗಳು ಹೆಚ್ಚಿದವು. ಮನಸ್ಸು ಮಾತ್ರ ಗಮನಾರ್ಹವಾಗಿ ಚೇತರಿಸಿಕೊಳ್ಳಲಿಲ್ಲ. ನಡಿಗೆಯ ಕುಸಿತವೇ ಕಾರಣವಾಗಿದ್ದರೆ ಅದನ್ನು ಸರಿಪಡಿಸಿದಾಗ ಸ್ವಲ್ಪವಾದರೂ ಗುಣ ಕಾಣಬೇಕಿತ್ತು. ಹಾಗಾದರೆ ನಡಿಗೆಯೊಡನೆ ಇನ್ನೇನು ಹೋಗಿತ್ತು? ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿ ನಡೆಯುವುದು ತರಗತಿಗೆ, ಕ್ಯಾಂಟೀನಿಗೆ, ಗ್ರಂಥಾಲಯಕ್ಕೆ. ಅಂದರೆ ಬಹುಪಾಲು ಇನ್ನೊಬ್ಬರಿರುವ ಕಡೆಗೆ. ವಿದ್ಯಾರ್ಥಿಗಳು ಕೈಗೆ ಕಟ್ಟಿಕೊಂಡಿದ್ದ ಫಿಟ್‌ಬಿಟ್ ಸಾಧನ ಎಣಿಸಿದ್ದು ಹೆಜ್ಜೆಗಳನ್ನು. ಅವುಗಳೊಡನೆ ಕಳೆದುಹೋದದ್ದು ಬಹುಶಃ ಒಡನಾಟ.

ಸ್ವಿಟ್ಜರ್ಲೆಂಡಿನ 212 ವಿದ್ಯಾರ್ಥಿಗಳ ಕುರಿತು ಟಿಮೊನ್ ಎಲ್ಮರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಈ ಊಹೆಗೆ ಬಲ ಕೊಡುತ್ತದೆ. 2018ರಿಂದಲೇ ಮಾಹಿತಿ ಸಂಗ್ರಹಿಸುತ್ತಿದ್ದ ಅವರಿಗೆ ಸಾಂಕ್ರಾಮಿಕಕ್ಕೆ ಮುಂಚಿನ ಚಿತ್ರವೂ ಕೈಯಲ್ಲಿತ್ತು; ಇಂಥ ಅನುಕೂಲ ಅಪರೂಪ. 2020ರ ಏಪ್ರಿಲ್‌ನಲ್ಲಿ ಒಟ್ಟಿಗೆ ಕೂತು ಓದುವ ಜಾಲಗಳು ವಿರಳವಾಗಿದ್ದವು, ಒಬ್ಬಂಟಿಯಾಗಿ ಓದುವವರು ಹೆಚ್ಚಿದ್ದರು. ಮಾನಸಿಕ ಆರೋಗ್ಯ ಹದಗೆಡುವುದಕ್ಕೂ ಒಡನಾಟ, ಭಾವನಾತ್ಮಕ ಆಸರೆಗಳ ಕೊರತೆಗೂ ನಂಟು ಕಂಡುಬಂತು.

ಈ ವಾದವನ್ನು ಹಿಗ್ಗಿಸಬಾರದು. ಪಿಟ್ಸ್‌ಬರ್ಗ್ ಪ್ರಯೋಗ ಅಲ್ಪಾವಧಿಯದು. ಬೇಗ ಕುಗ್ಗಿದ ಮನಸ್ಸು ಅಷ್ಟೇ ಬೇಗ ಚೇತರಿಸಿಕೊಳ್ಳಬೇಕೆಂದೇನೂ ಇಲ್ಲ. ಸ್ವಿಸ್ ಅಧ್ಯಯನ ತೋರಿಸುವುದೂ ನಂಟನ್ನೇ, ಕಾರಣವನ್ನಲ್ಲ. ಎರಡೂ ಕಡೆ ಬಳಸಿದ್ದು ಪ್ರಶ್ನಾವಳಿಗಳನ್ನು, ವೈದ್ಯರ ರೋಗನಿರ್ಣಯವನ್ನಲ್ಲ. ವ್ಯಾಯಾಮದಿಂದ ಖಿನ್ನತೆ ತಗ್ಗುತ್ತದೆಂಬ ಹಳೆಯ ತಿಳಿವನ್ನು ಇದು ಅಲ್ಲಗಳೆಯುವುದೂ ಇಲ್ಲ.

ಗೆಳೆಯರೊಡನೆ ನಡೆದವರನ್ನೂ ಒಬ್ಬಂಟಿಯಾಗಿ ನಡೆದವರನ್ನೂ ಹೋಲಿಸುವ ಪ್ರಯೋಗವಷ್ಟೇ, ಕೊರತೆಯಾದದ್ದು ನಡಿಗೆಯೋ ಒಡನಾಟವೋ ಎಂಬ ಪ್ರಶ್ನೆಯನ್ನು ಮುಂದಕ್ಕೆ ಒಯ್ಯಬಲ್ಲದು. ಅದಕ್ಕೆ ಇನ್ನೊಂದು ಸಾಂಕ್ರಾಮಿಕ ಬರುವವರೆಗೆ ಕಾಯಬೇಕಿಲ್ಲ. ವಿಶ್ವವಿದ್ಯಾಲಯಗಳು ಈಗಲೇ ಕೈಗೆತ್ತಿಕೊಳ್ಳಬೇಕು.