ಹೇಳಿಕೊಟ್ಟವರ ಹೆಸರು

ಗಂಡನ ಮನೆಗೆ ಹೊರಟ ಹುಡುಗಿಯ ಟ್ರಂಕಿನಲ್ಲಿ ಹಾಡಿನ ಪುಸ್ತಕ ಇರಲೇಬೇಕು ಎನ್ನುವ ಕಾಲವೊಂದಿತ್ತು. ಅದು ಅಂಗಡಿಯಲ್ಲಿ ಕೊಂಡ ಪುಸ್ತಕವಲ್ಲ, ಅವಳೇ ಕೂತು ಬರೆದುಕೊಂಡದ್ದು. ಹರಿಹರ, ದಾವಣಗೆರೆ, ರಾಣೆಬೆನ್ನೂರು ಸೀಮೆಯ ನಮ್ಮ ಬಳಗದ ಮಾಧ್ವ ಮನೆಗಳಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳಿಗೆ ಅದೇ ದೊಡ್ಡ ಆಸ್ತಿ. ಹಸೆಗೆ ಕರೆಯುವುದಕ್ಕೊಂದು ಹಾಡು, ಉರುಟಣೆಗೊಂದು, ಬೀಗರನ್ನು ಛೇಡಿಸುವುದಕ್ಕೆ ಕೆಲವು, ಆರತಿಗೆ, ತೊಟ್ಟಿಲಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ವೆಂಕಟರಮಣನಿಗೆ. ಹಾಡು ಬಾರದ ಸೊಸೆ ನಾಲ್ಕು ಜನರೆದುರು ತಲೆ ತಗ್ಗಿಸಬೇಕಾಗುತ್ತಿತ್ತು. ಆದ್ದರಿಂದ ಮದುವೆ ಮುಂಜಿಗೆ ಹೋದಲ್ಲೆಲ್ಲ ಕಿವಿ ತೆರೆದಿಟ್ಟುಕೊಂಡು, ಚೆನ್ನಾದದ್ದು ಕೇಳಿದ ಕೂಡಲೇ ಹಾಡಿದವರ ಪಕ್ಕಕ್ಕೆ ಹೋಗಿ ಕೂತು ಬರೆಸಿಕೊಳ್ಳುತ್ತಿದ್ದರು.

ನನ್ನ ಬಳಿ ಇರುವುದು ನಮ್ಮ ಸೋದರತ್ತೆಯ ಪುಸ್ತಕ. ಅಡತಿ ಅಂಗಡಿಯಲ್ಲಿ ಉಳಿದುಹೋದ ಉದ್ದನೆಯ ಕಿರ್ದಿ, ಕೆಂಪು ಬಟ್ಟೆಯ ರಟ್ಟು. ಜಮಾ ಖರ್ಚಿಗೆಂದು ಎಳೆದ ಗೀಟುಗಳ ಮೇಲೆಯೇ ಹಾಡುಗಳನ್ನು ಬರೆದಿದ್ದಾರೆ. ಮೊದಲ ಪುಟಗಳ ಶಾಯಿ ಕಂದು ತಿರುಗಿದೆ, ಕೊನೆಯವು ಬಾಲ್ ಪೆನ್ನಿನವು. ಎಷ್ಟೋ ಹಾಡುಗಳ ನೆತ್ತಿಯಲ್ಲಿ ಧಾಟಿ ಯಾವುದೆಂದು ಗುರುತು ಹಾಕಿದ್ದಾರೆ. ಒಂದು ಆರತಿ ಹಾಡಿನ ಮೇಲೆ ‘ಬೇಡರ ಕಣ್ಣಪ್ಪ’ ಚಿತ್ರದ ಹಾಡಿನ ಧಾಟಿ ಎಂದಿದೆ. ಆ ಚಿತ್ರ ಬಂದದ್ದು 1954ರಲ್ಲಿ. ಟೆಂಟಿನಲ್ಲಿ ಕೇಳಿದ ಮಟ್ಟು ದೇವರ ಮುಂದೆ ಬಂದು ಕೂರಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಹೆಂಗಸರ ಹಾಡು ಹಳೆಯದನ್ನು ಹಿಡಿದುಕೊಂಡು ಕೂತಿತ್ತು ಎನ್ನುವವರಿಗೆ ನಾನು ಈ ಪುಟ ತೋರಿಸುತ್ತೇನೆ.

ಆದರೆ ಈ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವುದು ಹಾಡಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದ ಸಾಲುಗಳು. ಮಲೇಬೆನ್ನೂರಿನ ಪೋಸ್ಟ್ ಮಾಸ್ತರರ ಮನೆಯವರು ಹೇಳಿಕೊಟ್ಟದ್ದು, ಚಿಕ್ಕಣ್ಣನ ಮುಂಜಿಯಲ್ಲಿ. ಹೊಸಪೇಟೆ ದೊಡ್ಡಮ್ಮ ಬಾಣಂತನಕ್ಕೆ ಬಂದಾಗ ಹೇಳಿದ್ದು, ಇದನ್ನು ಅವರ ತಾಯಿ ಬೀಸುವಾಗ ಹೇಳುತ್ತಿದ್ದರಂತೆ. ರೈಲಿನಲ್ಲಿ ಜೊತೆಗೆ ಕೂತಿದ್ದ ಗದಗಿನ ಅಜ್ಜಿ ಹೇಳಿದ್ದು, ಕೊನೆಯ ನುಡಿ ಆಗುವಷ್ಟರಲ್ಲಿ ಅವರ ಊರು ಬಂತು. ಆ ಕೊನೆಯ ನುಡಿಗೆಂದು ಬಿಟ್ಟ ಜಾಗ ಹಲವು ವರ್ಷ ಖಾಲಿ ಇದ್ದು, ಆಮೇಲೆ ಬೇರೆ ಶಾಯಿಯಲ್ಲಿ ತುಂಬಿದೆ. ಅದರ ಪಕ್ಕದಲ್ಲೇ ತುಂಬಿಕೊಟ್ಟವರ ವಿವರವೂ ಇದೆ.

ಹೆಂಗಸರ ಹೆಸರೇ ಎಲ್ಲೂ ಇಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಇಂಥ ಊರು, ಇಂಥವರ ಮನೆಯವರು, ಇಂಥ ನೆಂಟಸ್ತಿಕೆ ಎಂದಷ್ಟೇ ಇದೆ. ಆಗಿನ ಮರ್ಯಾದೆ ಅಷ್ಟಕ್ಕೇ ಅವಕಾಶ ಕೊಡುತ್ತಿತ್ತು. ಆದರೂ ಯಾರಿಂದ ಬಂತು, ಯಾವ ಸಂದರ್ಭದಲ್ಲಿ ಬಂತು ಎಂಬ ಲೆಕ್ಕವನ್ನು ಅತ್ತೆ ಬಿಟ್ಟವರಲ್ಲ.

ಅಚ್ಚಿನ ಇತಿಹಾಸ ಬೇರೆಯೇ ದಾರಿಯಲ್ಲಿ ನಡೆಯಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದು 1850ರಲ್ಲಿ. ಮುಂದೆ ಉಡುಪಿಯಲ್ಲಿ ಪಾವಂಜೆ ಗುರುರಾಯರು ಕೀರ್ತನೆಗಳ ಪುಸ್ತಕಗಳನ್ನು ಹೊರತಂದರು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಬಂತು. ಓದು ಬರಹ ಬಾರದ ಒಕ್ಕಲು ಮನೆಯ ಹೆಂಗಸರು ಬೀಸುಕಲ್ಲಿನ ಮುಂದೆ ಕಟ್ಟಿದ ತ್ರಿಪದಿಗಳು ಆ ಗೆಳೆಯರಿಂದಾಗಿ ಉಳಿದವು. ಹಾಡಿನ ಪುಸ್ತಕ ಎಂಬುದು ಅಕ್ಷರ ಮುಟ್ಟಿದ ಕೆಲವೇ ಮನೆಗಳ ಮಾತು. ಹಾಡು ಎಲ್ಲ ಮನೆಯದು. ಇದನ್ನು ಮರೆತು ನಮ್ಮ ಪೆಟ್ಟಿಗೆಗಳನ್ನೇ ಹೊಗಳಿಕೊಂಡು ಕೂತರೆ ಅನ್ಯಾಯವಾಗುತ್ತದೆ.

ಅತ್ತೆಯ ಕಿರ್ದಿಯಲ್ಲಿ ಹೆಚ್ಚು ಪುಟ ತುಂಬಿರುವುದು ಮೂವರು ಹರಿದಾಸಿಯರ ಹಾಡು. ಗಲಗಲಿ ಅವ್ವನ ಮುಯ್ಯದ ಹಾಡು ಅರ್ಧಂಬರ್ಧ ಇದೆ. ಹೆಳವನಕಟ್ಟೆ ಗಿರಿಯಮ್ಮ ರಾಣೆಬೆನ್ನೂರಿನವರು, ಹದಿನೆಂಟನೆಯ ಶತಮಾನದವರು. ಮದುವೆಯಾದರೂ ಸಂಸಾರ ಬೇಡವೆಂದು ದೂರ ಉಳಿದು, ಗಂಡನಿಗೆ ಬೇರೆ ಮದುವೆ ಮಾಡಿಸಿದರು ಎಂಬ ಪ್ರತೀತಿ ಇದೆ. ಅವರ ಅಂಕಿತ ಹೆಳವನಕಟ್ಟೆ ರಂಗ. ಆ ರಂಗನಾಥನ ಗುಡಿ ಮಲೇಬೆನ್ನೂರಿನ ಹತ್ತಿರದ ಕೊಮಾರನಹಳ್ಳಿಯಲ್ಲಿದೆ. ಸೀತಾ ಕಲ್ಯಾಣ, ಚಂದ್ರಹಾಸನ ಕಥೆ ಅವರವು. ಇನ್ನು ಹರಪನಹಳ್ಳಿ ಭೀಮವ್ವ, 1823ರಿಂದ 1903ರವರೆಗೆ ಬಾಳಿದವರು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ, ಮುಪ್ಪಿಗೆ ಬಹಳ ಮುಂಚೆಯೇ ಗಂಡನನ್ನು ಕಳೆದುಕೊಂಡವರು. ನಳಚರಿತ್ರೆ, ಸುಭದ್ರಾ ಕಲ್ಯಾಣದಂಥ ಕಥನದ ಹಾಡುಗಳನ್ನೂ ಎಷ್ಟೋ ಬಿಡಿ ಹಾಡುಗಳನ್ನೂ ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ ಕಟ್ಟಿದರು.

ಈ ಎರಡು ಬಾಳುಗಳನ್ನು ಜೊತೆಯಲ್ಲಿಟ್ಟು ನೋಡಿ. ಒಬ್ಬರು ಸಂಸಾರ ಬಿಟ್ಟವರು, ಇನ್ನೊಬ್ಬರು ವಿಧವೆ. ಮದುವೆ ಮನೆಯಲ್ಲಿ ವಿಧವೆಗೆ ಹಸೆಯ ಹತ್ತಿರ ಜಾಗವಿರಲಿಲ್ಲ. ಆರತಿ ತಟ್ಟೆ ಮುಟ್ಟುವಂತಿರಲಿಲ್ಲ, ಮದುಮಗಳ ಎದುರು ಬರುವಂತಿರಲಿಲ್ಲ. ಅಂಥ ಮನೆಯಲ್ಲಿ ಹಸೆಯ ಮುಂದೆ ಕೂತ ಮುತ್ತೈದೆಯರು ಒಬ್ಬ ವಿಧವೆ ಕಟ್ಟಿದ ಹಾಡನ್ನು ಹಾಡುತ್ತಿದ್ದರು. ಅವಳನ್ನು ಒಳಗೆ ಬಿಡದ ಶಾಸ್ತ್ರ ಅವಳ ಹಾಡಿಲ್ಲದೆ ಸಾಗುತ್ತಿರಲಿಲ್ಲ. ಎಷ್ಟು ಸಲ ನೆನೆದರೂ ಇದು ನನಗೆ ನುಂಗಲಾರದ ಸಂಗತಿ, ಹಾಗೆಯೇ ದೊಡ್ಡ ಹೆಮ್ಮೆಯ ಸಂಗತಿ.

ಯಾಕೆಂದರೆ ನಮ್ಮ ಸೋದರತ್ತೆಯ ಬಾಳೂ ಹಾಗೆಯೇ ಆಗಿತ್ತು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ಹೋದರು, ಅತ್ತೆ ತವರಿಗೆ ಬಂದರು. ನಾವು ಮಕ್ಕಳಾಗಿದ್ದಾಗ ಮನೆಯಲ್ಲಿ ಮದುವೆಯಾದರೆ ಅವರು ಅಡಿಗೆಮನೆಯ ಬಾಗಿಲ ಹಿಂದೆ ಕಿರ್ದಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಹೊರಗೆ ಜಮಖಾನೆಯ ಮೇಲೆ ಹಾಡುವವರಿಗೆ ನುಡಿ ತಪ್ಪಿದರೆ ಒಳಗಿನಿಂದ ಮುಂದಿನ ಸಾಲು ಬರುತ್ತಿತ್ತು. ವಾದಿರಾಜರ ಲಕ್ಷ್ಮೀಶೋಭಾನೆಯನ್ನು ಮುತ್ತೈದೆತನ ಕೊಡುವ ಹಾಡೆಂದು ನಂಬಿ ಮದುವೆಯಲ್ಲಿ ಹೇಳಿಸುತ್ತಾರಲ್ಲ, ಅದು ಆದಿಯಿಂದ ಅಂತ್ಯದವರೆಗೆ ಬಾಯಿಗೆ ಬರುತ್ತಿದ್ದುದು ಆ ಮನೆಯಲ್ಲಿ ಅವರೊಬ್ಬರಿಗೇ. “ತಡಿ ಕೂಸೇ, ‘ರಂಗ’ ಅಂತ ಎಳೀಬೇಕು, ತುಂಡು ಮಾಡಬಾರದು” ಎಂದು ನನಗೆ ಹೇಳಿಕೊಟ್ಟದ್ದೂ ಆ ಬಾಗಿಲ ಹಿಂದೆಯೇ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂತು. ಸಂಪ್ರದಾಯದ ಹಾಡುಗಳೆಂದು ಅಂಗಡಿಯಲ್ಲಿ ಸಿಗತೊಡಗಿದವು, ಮದುವೆಗಳು ಮನೆಯಂಗಳ ಬಿಟ್ಟು ಛತ್ರಕ್ಕೆ ಹೋದವು. ಕ್ಯಾಸೆಟ್ಟಿನಿಂದ ಲಾಭವೂ ಆಯಿತು: ಭೀಮವ್ವನ ಹಾಡು ಯಾವ ಸಂಬಂಧವೂ ಇಲ್ಲದ ಮನೆಗಳನ್ನು ತಲುಪಿತು, ನನ್ನ ತಂಗಿಯಂದಿರು ರಾಗ ಕಲಿತದ್ದು ಅದರಿಂದಲೇ. ಕಳೆದದ್ದು ಆ ಸಣ್ಣಕ್ಷರದ ಸಾಲು. ಕ್ಯಾಸೆಟ್ಟಿನಿಂದ ಕಲಿತ ಹಾಡಿಗೆ ಪೋಸ್ಟ್ ಮಾಸ್ತರರ ಮನೆಯವರೂ ಇಲ್ಲ, ಗದಗಿನ ಅಜ್ಜಿಯೂ ಇಲ್ಲ. ಇಂಥ ಪುಸ್ತಕಗಳಿಂದ ಹಾಡುಗಳನ್ನಷ್ಟೇ ಎತ್ತಿ ಅಚ್ಚು ಮಾಡುವ ಬಂಧುಗಳಿಗೆ ನಾನು ಕೈಮುಗಿದು ಕೇಳಿಕೊಳ್ಳುವುದು ಒಂದೇ: ಆ ಸಾಲುಗಳನ್ನು ಬಿಡಬೇಡಿ. ಹಾಡು ಇನ್ನೊಂದು ಪುಸ್ತಕದಲ್ಲಿ ಸಿಕ್ಕೀತು, ಅವು ಸಿಗುವುದಿಲ್ಲ.

ಅತ್ತೆಯ ಕಿರ್ದಿಯ ಕೊನೆಯ ಪುಟಗಳಲ್ಲಿ ಒಂದು ತೊಟ್ಟಿಲ ಹಾಡಿದೆ. ಅದಕ್ಕೆ ಅಂಕಿತವೂ ಇಲ್ಲ, ಹೇಳಿಕೊಟ್ಟವರ ವಿವರವೂ ಇಲ್ಲ. ಬರೆಯಲು ಮರೆತಿರಬೇಕು ಎನ್ನುತ್ತಾನೆ ನಮ್ಮಣ್ಣ. ರೈಲಿನ ಅಜ್ಜಿಯನ್ನೂ ಬಿಡದವರು ಅದೊಂದನ್ನು ಮರೆತರು ಎಂದರೆ ನಾನು ಒಪ್ಪುವುದಿಲ್ಲ. ಅದರಲ್ಲಿ ಎರಡು ಕಡೆ ಶಬ್ದ ಹೊಡೆದುಹಾಕಿ ಬೇರೆ ಶಬ್ದ ಇಟ್ಟಿದ್ದಾರೆ; ಬರೆಸಿಕೊಂಡ ಹಾಡುಗಳಲ್ಲಿ ಹಾಗೆ ಎಲ್ಲೂ ಮಾಡಿಲ್ಲ. ಅದು ಅವರೇ ಕಟ್ಟಿದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೋದ ವರ್ಷ ಮೊಮ್ಮಗಳ ನಾಮಕರಣದಲ್ಲಿ ಅದನ್ನು ಹಾಡಿದೆ. ಹಾಡುವ ಮೊದಲು ಅತ್ತೆಯ ಪೂರ್ತಿ ಹೆಸರು ಹೇಳಿದೆ, ಇದು ಇವರ ಹಾಡು ಎಂದೆ. ಸೊಸೆಯ ತಂಗಿ ಬಂದು ಬರೆದುಕೊಡಿ ಎಂದು ಕೇಳಿದಳು. ಕಾಗದದಲ್ಲಿ ಬರೆದು, ಕೆಳಗೆ ಅತ್ತೆಯ ಹೆಸರು, ಅದರ ಕೆಳಗೆ ನನ್ನ ಹೆಸರು, ಊರು, ತಾರೀಕು ಹಾಕಿ ಕೊಟ್ಟಿದ್ದೇನೆ.